ಓದುಗರ ಪ್ರಶ್ನೆ: ಝೇವಿಯರ್ ಯಾವ ಊರಿನ ಅಡ್ಡಹೆಸರು?

ಪ್ರಶ್ನೆ: ನಾವು ಗದಗ ಕಡೆಯವರು, ಈಗ ವಾಸ್ಕೋದಲ್ಲಿದ್ದೇವೆ. ನಮ್ಮ ಓಣಿಯಲ್ಲಿ ಒಬ್ಬರ ಅಡ್ಡಹೆಸರು ಝೇವಿಯರ್. ಎದುರು ಮನೆ ಹುಡುಗನ ಹೆಸರೇ ಝೇವಿಯರ್, ಅವನ ಅಡ್ಡಹೆಸರು ಫರ್ನಾಂಡಿಸ್. ಇದು ಹೆಸರೋ ಅಡ್ಡಹೆಸರೋ? ಪೋರ್ಚುಗೀಸರದೋ ಸ್ಪೇನಿನವರದೋ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಮೂಲದಲ್ಲಿ ಅದು ಒಂದು ಊರು. ಸ್ಪೇನಿನ ಉತ್ತರಕ್ಕೆ ನವಾರ್ರಾ ಅಂತ ಒಂದು ಸೀಮೆ ಇದೆ. ಅಲ್ಲಿ ಹಾವಿಯೆರ್ ಅನ್ನುವ ಪುಟ್ಟ ಊರು, ಅದಕ್ಕೊಂದು ಕೋಟೆ. ಹೆಸರು ಬಾಸ್ಕ್ ಭಾಷೆಯದು: ಎಚೆ ಅಂದರೆ ಮನೆ, ಬೆರ್ರಿ ಅಂದರೆ ಹೊಸದು. ನಿಮ್ಮ ಕಡೆ ಹೊಸಮನಿ ಅಂತ ಅಡ್ಡಹೆಸರು ಇದೆಯಲ್ವಾ, ಅದೇ ಇದು! ಲ್ಯಾಟಿನ್ ಅಮೆರಿಕದಲ್ಲಿ ಸಿಗುವ ಎಚೆವೆರ್ರಿಯಾ ಮನೆತನದವರೂ ಇದೇ ಬೇರಿನ ಹೊಸಮನಿಗಳು.

ಆ ಕೋಟೆಯಲ್ಲಿ 1506ರಲ್ಲಿ ಹುಟ್ಟಿದವರು ಕ್ರೈಸ್ತ ಧರ್ಮಪ್ರಚಾರಕ ಫ್ರಾನ್ಸಿಸ್ ಝೇವಿಯರ್. ಮಜಾ ಇರುವುದು ಇಲ್ಲಿ. ತಂದೆಯ ಅಡ್ಡಹೆಸರು ಹಾಸ್ಸೋ, ತಾಯಿಯದು ಆಸ್ಪಿಲಿಕುಯೆಟಾ, ಕೋಟೆ ಬಂದದ್ದು ತಾಯಿ ಕಡೆಯಿಂದ. ಫ್ರಾನ್ಸಿಸ್ ಕೋಟೆಯ ಹೆಸರು ಹಿಡಿದರು, ಅವರ ಅಣ್ಣ ಒಬ್ಬರು ತಾಯಿಯ ಅಡ್ಡಹೆಸರನ್ನೇ ಇಟ್ಟುಕೊಂಡರು. ಆಗ ಅದೆಲ್ಲ ನಡೆಯುತ್ತಿತ್ತು, ಯಾವ ಕಡೆಯ ಆಸ್ತಿ, ಯಾವ ಕಡೆಯ ಗೌರವ ಬೇಕೋ ಆ ಕಡೆಯ ಹೆಸರು. ತಂದೆಯದೊಂದು, ತಾಯಿಯದೊಂದು ಅಂತ ಎರಡು ಅಡ್ಡಹೆಸರು ಇಡುವ ಸ್ಪೇನಿನ ಪದ್ಧತಿ ಗಟ್ಟಿಯಾದದ್ದು ಆಮೇಲೆ. ಚಿತ್ರಕಾರ ಪಿಕಾಸೊ ಅವರ ತಂದೆ ರೂಯಿಸ್, ಪಿಕಾಸೊ ಅನ್ನುವುದು ತಾಯಿಯದು.

ಇನ್ನು ಸ್ಪೇನಿನವರದೋ ಅಂದರೆ, ಈಗಿನ ಲೆಕ್ಕದಲ್ಲಿ ಹೌದು. ಆದರೆ ಅವರು ಹುಟ್ಟಿದಾಗ ನವಾರ್ರಾ ಬೇರೆಯೇ ರಾಜ್ಯ. 1512ರಲ್ಲಿ ಸ್ಪೇನಿನ ರಾಜನ ಸೇನೆ ಅದನ್ನು ಗೆದ್ದುಕೊಂಡಿತು, ನಾಲ್ಕು ವರ್ಷದ ನಂತರ ಇವರ ಕೋಟೆಯನ್ನೂ ಅರ್ಧಂಬರ್ಧ ಕೆಡವಿಸಿತು. ಈ ಮನೆಯವರನ್ನು ಆಗ ಸ್ಪೇನಿನವರು ಅಂದಿದ್ದರೆ ಖುಷಿಪಡುತ್ತಿದ್ದರು ಅಂತ ನನಗನಿಸುವುದಿಲ್ಲ.

ಪೋರ್ಚುಗೀಸ್ ರಾಜನ ಪರವಾಗಿ ಫ್ರಾನ್ಸಿಸ್ 1542ರಲ್ಲಿ ಗೋವಾಕ್ಕೆ ಬಂದರು, 1552ರಲ್ಲಿ ಚೀನಾ ತೀರದ ಒಂದು ದ್ವೀಪದಲ್ಲಿ ತೀರಿಕೊಂಡರು. ದೇಹ ಓಲ್ಡ್ ಗೋವಾದ ಬೋಮ್ ಜೀಸಸ್ ಚರ್ಚಿನಲ್ಲಿದೆ, ನೀವು ನೋಡಿರಬಹುದು. 1622ರಲ್ಲಿ ಸಂತ ಪದವಿ ಸಿಕ್ಕಿತು. ಆಮೇಲೆ ಮಕ್ಕಳಿಗೆ ಅವರ ಹೆಸರಿಡುವುದು ಜಾಸ್ತಿಯಾಯಿತು, ಒಂದು ಕೋಟೆಯ ಅಡ್ಡಹೆಸರು ಹೀಗೆ ಜನರ ಹೆಸರಾಯಿತು, ಕೆಲವು ಮನೆಗಳಲ್ಲಿ ಮತ್ತೆ ಅಡ್ಡಹೆಸರೂ ಆಯಿತು. ಹಾಗಾಗಿ ನಿಮ್ಮ ಓಣಿಯ ಝೇವಿಯರ್ ಅವರಿಗೂ ಆ ಕೋಟೆಗೂ ರಕ್ತಸಂಬಂಧ ಇರಲೇಬೇಕಂತಿಲ್ಲ. ಸುಮ್ನೆ ಅವರ ಮುಂದೆ ಸ್ಪೇನಿನ ಸುದ್ದಿ ತೆಗೆಯಬೇಡಿ!

ಉಚ್ಚಾರ ಕೂಡ ಊರಿಗೊಂದು. ಸ್ಪೇನಿನವರಿಗೆ ಹಾವಿಯೆರ್, ಪೋರ್ಚುಗೀಸರಿಗೆ ಶವಿಯೆರ್, ಮುಂಬೈಯಲ್ಲಿ 1869ರಲ್ಲಿ ಶುರುವಾದ ಕಾಲೇಜಿನ ಹುಡುಗರಿಗೆ ಝೇವಿಯರ್ಸ್.

ಎದುರು ಮನೆಯ ಫರ್ನಾಂಡಿಸ್ ಕತೆ ಚಿಕ್ಕದು. ಫರ್ನಾಂಡೊನ ಮಗ ಅಂತ ಅರ್ಥ. ಗೋವಾದಲ್ಲಿ ಮತಾಂತರವಾದಾಗ ದೀಕ್ಷೆ ಕೊಟ್ಟ ಪಾದ್ರಿಯದೋ, ಮುಂದೆ ನಿಂತ ಧರ್ಮಪಿತನದೋ ಅಡ್ಡಹೆಸರು ಎಷ್ಟೋ ಮನೆಗಳಿಗೆ ಬಂತು. ಸ್ಪೇನಿನದೋ ಪೋರ್ಚುಗಲ್‌ನದೋ ಅಂತ ತಿಳಿಯಲು ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೇ ಅಕ್ಷರ ನೋಡಿ. ಝಡ್ ಇದ್ದರೆ ಸ್ಪೇನಿನ ರೂಪ, ಎಸ್ ಇದ್ದರೆ ಪೋರ್ಚುಗೀಸ್ ರೂಪ. ವಾಸ್ಕೋದ ಅಂಗಡಿ ಬೋರ್ಡುಗಳಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ಎಸ್.