ಎಂಟನೇ ಕ್ಲಾಸಿನ ಸೈಕಲ್ ಮತ್ತು ಐಇಎಲ್‌ಟಿಎಸ್ ಸ್ಪೀಕಿಂಗ್

ನನ್ನ ಹತ್ತಿರ ಸಹಾಯ ಕೇಳಿ ಬಂದ ಒಬ್ಬರ ಕಥೆ ಇದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆ ಸ್ಟಾಫ್ ನರ್ಸ್. ಮಂಡ್ಯ ಕಡೆಯ ಹಳ್ಳಿಯವರು, ಕನ್ನಡ ಮೀಡಿಯಂನಲ್ಲಿ ಓದಿದವರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ, ವಿಜಯನಗರದಲ್ಲಿ ಪಿಜಿ. ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಸೇರುವ ಆಸೆಯಿಂದ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಬರೆದಿದ್ದರು. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಸ್ಪೀಕಿಂಗ್‌ನಲ್ಲಿ, ಅಂದರೆ ಮಾತಾಡುವ ಪರೀಕ್ಷೆಯಲ್ಲಿ, 9ಕ್ಕೆ 7 ಕೇಳುತ್ತದೆ. ಇವರಿಗೆ ಬಂದದ್ದು 6. ನನ್ನ ಹತ್ತಿರ ಬಂದದ್ದು ಇಂಗ್ಲಿಷ್ ಕಲಿಯುವುದಕ್ಕಲ್ಲ. ರಾತ್ರಿ ನಿದ್ದೆ ಇಲ್ಲ, ಮತ್ತೆ ಪರೀಕ್ಷೆಗೆ ಕೂರುವುದನ್ನು ನೆನೆದರೆ ಕೈ ನಡುಗುತ್ತದೆ ಎಂದು.

ಅವತ್ತು ಏನಾಯಿತು ಅಂತ ಕೇಳಿದೆ. ಎಕ್ಸಾಮಿನರ್ ಸೈಕಲ್ ಬಗ್ಗೆ ಕೇಳಿದರಂತೆ: ಚಿಕ್ಕವರಿದ್ದಾಗ ನಿಮ್ಮ ಹತ್ತಿರ ಸೈಕಲ್ ಇತ್ತಾ? ಇವರು ಕೋಚಿಂಗ್‌ನಲ್ಲಿ ಉರು ಹೊಡೆದದ್ದನ್ನು ಶುರು ಮಾಡಿದರು: 'ಸೈಕ್ಲಿಂಗ್ ಈಸ್ ಆನ್ ಇಕೋ ಫ್ರೆಂಡ್ಲಿ ಮೋಡ್ ಆಫ್ ಟ್ರಾನ್ಸ್‌ಪೋರ್ಟ್...' ಎರಡು ವಾಕ್ಯ ಆಗುವಷ್ಟರಲ್ಲಿ ಎಕ್ಸಾಮಿನರ್ ತಡೆದು ಮುಂದಿನ ಪ್ರಶ್ನೆ ಕೇಳಿದರು. 'ಅಲ್ಲಿಗೇ ಮುಗೀತು ಮೇಡಂ. ನಾನು ತಪ್ಪು ಹೇಳಿದೆ ಅಂತ ಗೊತ್ತಾಯ್ತು' ಎಂದರು. ಆಮೇಲೆ ಏನು ಮಾತಾಡಿದೆ ಅನ್ನುವುದೂ ಅವರಿಗೆ ಸರಿಯಾಗಿ ನೆನಪಿಲ್ಲ.

ಮೊದಲು ಈ ಭಯವನ್ನು ಬಿಡಿಸಬೇಕಿತ್ತು. ಸ್ಪೀಕಿಂಗ್ ಪರೀಕ್ಷೆ ಮೂರು ಭಾಗ, ಒಟ್ಟು 11ರಿಂದ 14 ನಿಮಿಷ. ಮೊದಲ ಭಾಗಕ್ಕೆ ಸಿಗುವುದು 4-5 ನಿಮಿಷ ಮಾತ್ರ. ಅಷ್ಟರಲ್ಲಿ ಹಲವು ಪ್ರಶ್ನೆ ಕೇಳಬೇಕು, ಆದ್ದರಿಂದ ಎಕ್ಸಾಮಿನರ್ ಯಾರನ್ನಾದರೂ ಮಧ್ಯದಲ್ಲಿ ತಡೆಯುತ್ತಾರೆ. ಚೆನ್ನಾಗಿ ಮಾತಾಡುವವರನ್ನೂ ತಡೆಯುತ್ತಾರೆ. ಇದನ್ನು ಕೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಇಷ್ಟು ಸಣ್ಣ ವಿಷಯವನ್ನು ಯಾರೂ ಅವರಿಗೆ ಹೇಳಿರಲಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ ತಂದಿತು.

ಆಮೇಲೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. ನಿಮ್ಮ ಹತ್ತಿರ ಸೈಕಲ್ ಇತ್ತಾ?

ಇತ್ತು! ಎಂಟನೇ ಕ್ಲಾಸಿಗೆ ಬಂದಾಗ ಸರ್ಕಾರ ಕೊಟ್ಟ ಸೈಕಲ್. 2006-07ರಿಂದ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲು ಮಕ್ಕಳಿಗೆ ಕೊಡಲು ಶುರು ಮಾಡಿದರಲ್ಲ, ಅದು. ಆದರೆ ಅದಕ್ಕೂ ಮುಂಚೆಯೇ ಅಣ್ಣನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತಿದ್ದರು. ಕೆರೆ ಏರಿಯ ಮೇಲೆ ಬಿದ್ದು ಮೊಣಕಾಲು ಕಿತ್ತುಕೊಂಡದ್ದು, ಚೈನ್ ಕಳಚಿದಾಗ ಕಡ್ಡಿ ಹಾಕಿ ಸರಿ ಮಾಡಿ ಯೂನಿಫಾರ್ಮಿಗೆಲ್ಲ ಗ್ರೀಸ್ ಮೆತ್ತಿಕೊಂಡದ್ದು, ತಂಗಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದದ್ದು. ಹೇಳುತ್ತಾ ಹೇಳುತ್ತಾ ಮುಖವೇ ಬದಲಾಯಿತು. ಇದನ್ನು ಅಲ್ಲಿ ಯಾಕೆ ಹೇಳಲಿಲ್ಲ ಅಂದೆ. 'ಅದೆಲ್ಲ ಹಳ್ಳಿ ಕಥೆ ಮೇಡಂ, ಪರೀಕ್ಷೆಗೆ ಆಗುತ್ತಾ?'

ಆಗುತ್ತೆ. ಅದೇ ಬೇಕಾದದ್ದು. ಅಂಕ ಬರುವುದು ನಾಲ್ಕಕ್ಕೆ: ತಡವರಿಸದೆ ಜೋಡಿಸಿ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮ ತೂಕ. ವಿಚಾರ ಎಷ್ಟು ದೊಡ್ಡದು ಅನ್ನುವುದಕ್ಕೆ ಅಂಕವೇ ಇಲ್ಲ. ಬಾಯಿಪಾಠವನ್ನು ಎಕ್ಸಾಮಿನರ್‌ಗಳು ಬೇಗ ಗುರುತಿಸುತ್ತಾರೆ, ಅದರಿಂದ ನಷ್ಟವೇ ಜಾಸ್ತಿ. ನಿಮ್ಮ ಕೆರೆ ಏರಿಯನ್ನು ಮಾತ್ರ ಯಾರೂ ಬಾಯಿಪಾಠ ಅನ್ನಲಾರರು.

ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಬ್ಬರೂ ಕೇಳಿದೆವು. ತಪ್ಪುಗಳಿದ್ದವು, ಆದರೆ ಮಾತು ನಿಲ್ಲಲಿಲ್ಲ. 'ಡೈಲಿ ಐ ಆಮ್ ಗೋಯಿಂಗ್ ಟು ಸ್ಕೂಲ್ ಬೈ ಸೈಕಲ್' ಅಂದಿದ್ದರು. ಹಿಂದೆ ರೂಢಿಯಿದ್ದು ಈಗ ಇಲ್ಲದ್ದಕ್ಕೆ 'ಐ ಯೂಸ್ಡ್ ಟು ಸೈಕಲ್ ಟು ಸ್ಕೂಲ್' ಸಾಕು. 'ಐ ಲರ್ನ್ಡ್ ಸೈಕಲ್' ಅಲ್ಲ, 'ಐ ಲರ್ನ್ಡ್ ಟು ರೈಡ್'. ಚೈನ್ ಕಳಚಿದ್ದಕ್ಕೆ 'ದ ಚೈನ್ ಕೇಮ್ ಆಫ್'. ಇಂಥ ಪುಟ್ಟ ಪದಗುಚ್ಛಗಳು 'ಇಕೋ ಫ್ರೆಂಡ್ಲಿ'ಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಚ್ಚಾರಣೆಯಲ್ಲಿ ಒಂದನ್ನೇ ತಿದ್ದಿದೆ: ಬೈಸೈಕಲ್ ಅಲ್ಲ, ಬೈಸಿಕಲ್. ನಮ್ಮ ಕನ್ನಡದ ಧಾಟಿ ಇದ್ದರೆ ತೊಂದರೆ ಇಲ್ಲ, ಕೇಳುವವರಿಗೆ ಅರ್ಥವಾದರೆ ಸಾಕು.

ಮೊದಲ ಭಾಗಕ್ಕೆ ಹೇಳಿದ ಸಲಹೆ ಇಷ್ಟೇ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ, ಒಂದು ಕಾರಣ ಅಥವಾ ಒಂದು ನೆನಪು ಸೇರಿಸಿ, ನಿಲ್ಲಿಸಿ. ಎರಡನೇ ಭಾಗದಲ್ಲಿ ಮಾತಾಡಬೇಕಾದ ವಿಷಯ ಬರೆದ ಕಾರ್ಡ್ ಕೊಡುತ್ತಾರೆ, ಅದಕ್ಕೆ ಒಂದು ನಿಮಿಷ ತಯಾರಿ, ಒಂದರಿಂದ ಎರಡು ನಿಮಿಷ ಮಾತು. ಆ ತಯಾರಿಯಲ್ಲಿ ಇವರು ಪೂರ್ತಿ ವಾಕ್ಯ ಬರೆಯಲು ಹೋಗಿ ಸಮಯ ಕಳೆದಿದ್ದರು. ನಾಲ್ಕೈದು ಪದ ಗೀಚಿದರೆ ಸಾಕು: ಅಣ್ಣ, ಏರಿ, ಬಿದ್ದದ್ದು, ಗ್ರೀಸ್. ಆ ಹಾಳೆಗೆ ಅಂಕವಿಲ್ಲ. ಹಾಗಂತ ಯಾವ ಕಾರ್ಡ್ ಬಂದರೂ ಸೈಕಲ್ ಕಥೆಯನ್ನೇ ತುರುಕಬೇಡಿ ಎಂದೂ ಎಚ್ಚರಿಸಿದೆ.

ಮೂರನೇ ಭಾಗದಲ್ಲಿ ನಗರದ ಜನ ಯಾಕೆ ಸೈಕಲ್ ಬಿಟ್ಟರು ಎಂಬಂಥ ಪ್ರಶ್ನೆ ಬರಬಹುದು. ಅಲ್ಲಿ 'ನಾನು' ಬಿಟ್ಟು 'ಜನ'ದ ಬಗ್ಗೆ ಮಾತಾಡಬೇಕು. ಅದಕ್ಕೂ ಅವರ ಬಳಿ ಸರಕು ಇತ್ತು. ನೈಟ್ ಡ್ಯೂಟಿ ಮುಗಿಸಿ ಬರುವಾಗ ಬಸ್ಸಿನ ಕಿಟಕಿಯಿಂದ ಮಾಗಡಿ ರೋಡಿನ ಟ್ರಾಫಿಕ್ ನೋಡುತ್ತಾರೆ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಮಾಡಿದ ಸೈಕಲ್ ಪಥದೊಳಗೆ ಬೈಕುಗಳು ನುಗ್ಗುತ್ತಿದ್ದದ್ದನ್ನೂ ನೋಡಿದ್ದರು. ಪಥ ಇದ್ದರೆ ಸಾಲದು, ಅದನ್ನು ಕಾಯಬೇಕು ಎಂದು ತಾವೇ ಹೇಳಿದರು. ಅದು ಅವರದೇ ಅಭಿಪ್ರಾಯ, ಎಷ್ಟು ಸಲೀಸಾಗಿ ಬಂತು!

ನಡುಕಕ್ಕೆ ಉಸಿರಾಟದ ಅಭ್ಯಾಸ ಕೊಟ್ಟಿದ್ದೇನೆ: ಒಳಗೆಳೆಯುವುದಕ್ಕಿಂತ ಹೊರಬಿಡುವುದು ನಿಧಾನವಾಗಿರಬೇಕು. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಎಂದು ಕೇಳಬಹುದು ಅನ್ನುವುದನ್ನೂ ಹೇಳಿದೆ. ಹಳೆಯ ಕೋಚಿಂಗ್ ನೋಟ್ಸ್ ಪಕ್ಕಕ್ಕಿಟ್ಟಿದ್ದಾರೆ. ಈಗ ದಿನಾ ರಾತ್ರಿ ಊರಿನಲ್ಲಿರುವ ತಂಗಿಗೆ ಫೋನ್ ಮಾಡಿ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಪ್ರಶ್ನೆ ಕೇಳುವ ಕೆಲಸ ತಂಗಿಯದು. ನಿದ್ದೆ ಸುಧಾರಿಸಿದೆ. ಮುಂದಿನ ತಿಂಗಳು ಪರೀಕ್ಷೆ, ಅದಕ್ಕೂ ಮುಂಚೆ ಒಮ್ಮೆ ಬರಲು ಹೇಳಿದ್ದೇನೆ.