ಬಿದ್ದ ಗರ ಇಪ್ಪತ್ತು, ಹೇಳಿದ್ದು ಎಂಟು

"ನಾನು ಜನರಿಗೆ ಮೋಸ ಮಾಡ್ತಿದೀನಿ ಮೇಡಂ. ಒಬ್ಬರನ್ನೂ ಸಾಯೋಕೆ ಬಿಡ್ತಿಲ್ಲ."

ಆಪ್ತಸಮಾಲೋಚನೆಯ ಮೊದಲ ಭೇಟಿಯ ಹತ್ತನೇ ನಿಮಿಷಕ್ಕೆ ಈ ಮಾತು ಕೇಳಿ ಪೆನ್ನು ಕೆಳಗಿಟ್ಟೆ. ಎದುರಿಗಿದ್ದವರು ಮೂವತ್ತರ ಆಸುಪಾಸಿನವರು. (ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆಯಿದೆ.) ರಾತ್ರಿ ನಿದ್ದೆಯಿಲ್ಲ, ಸಂಜೆಯಾದರೆ ಹೊಟ್ಟೆ ತೊಳಸುತ್ತದೆ ಎಂದು ಬಂದಿದ್ದರು. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೇಹದಲ್ಲೇನೂ ದೋಷವಿಲ್ಲ ಎಂದಿದ್ದರು. ಕೆಲಸ ಏನೆಂದು ಕೇಳಿದರೆ "ಗೇಮ್ ಮಾಸ್ಟರ್" ಎಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ, ಹಾಗೆಂದು ಹೇಳಿಯೂ ಬಿಟ್ಟೆ.

ಅವರೇ ತಾಳ್ಮೆಯಿಂದ ಬಿಡಿಸಿ ಹೇಳಿದರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಬೆಳೆದು ಬಂದ ಬಗೆಯ ಆಟವಿದು. ನಾಲ್ಕೈದು ಜನ ಒಂದೊಂದು ಪಾತ್ರ ವಹಿಸುತ್ತಾರೆ, ಒಬ್ಬರು ಕಥೆ ನಡೆಸುತ್ತಾರೆ. ರಾಕ್ಷಸ, ದಾರಿಯಲ್ಲಿ ಸಿಗುವ ಮುದುಕಿ, ಮಳೆ, ಗಾಳಿ ಎಲ್ಲವೂ ಅವರೇ. ಪಾತ್ರ ಏನು ಮಾಡಲು ಹೊರಟಿದೆಯೆಂದು ಆಟಗಾರರು ಹೇಳುತ್ತಾರೆ. ಅದು ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಮೂಲತಃ ಇದು ಮೇಜಿನ ಸುತ್ತ ಕೂತು ಆಡುವ ಆಟ. ಈಗ ಅಂತರ್ಜಾಲದಲ್ಲೂ ಆಡುತ್ತಾರೆ: ರೋಲ್‌ಟ್ವೆಂಟಿ, ಫೌಂಡ್ರಿಯಂಥ ತಂತ್ರಾಂಶದಲ್ಲಿ ನಕ್ಷೆ ಮತ್ತು ದಾಳ, ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ಮಾತು. ಇವರಂತೆ ವೃತ್ತಿಯಾಗಿ ಆಟ ನಡೆಸುವವರಿಗೆ ಆಟಗಾರರು ತಲೆಗಿಷ್ಟು ಎಂದು ಶುಲ್ಕ ಕೊಡುತ್ತಾರೆ. ಇವರದು ವಾರಕ್ಕೆ ಐದು ತಂಡ, ಒಂದೊಂದರಲ್ಲಿ ಐದು ಜನ, ಒಂದೊಂದು ಆಟ ಮೂರೂವರೆ ಗಂಟೆ. ತಯಾರಿಯ ಹೊತ್ತು ಬೇರೆ.

ಮೋಸ ಎಂದರೆ ಇದು. ರಾಕ್ಷಸ ಹೊಡೆಯುವಾಗ ಇಪ್ಪತ್ತರ ಗರ ಬಿದ್ದರೆ ಏಟು ತಪ್ಪುವುದೇ ಇಲ್ಲ, ಹಾನಿಯ ದಾಳಗಳೂ ದುಪ್ಪಟ್ಟು. ಆದರೆ ನಡೆಸುವವರು ತಮ್ಮ ದಾಳವನ್ನು ತಮಗಷ್ಟೇ ಕಾಣುವಂತೆ ಉರುಳಿಸಲು ತಂತ್ರಾಂಶದಲ್ಲಿ ಅವಕಾಶವಿದೆ. ಇವರು ಇಪ್ಪತ್ತು ಬಿದ್ದಾಗ "ಎಂಟು, ತಪ್ಪಿತು" ಎನ್ನುತ್ತಿದ್ದರು. ಆಟಗಾರರು ಹುರ್ರೇ ಎಂದು ಕೂಗುತ್ತಿದ್ದರು. ಇವರಿಗೆ ಮಾತ್ರ ಆ ಕೂಗು ಚುಚ್ಚುತ್ತಿತ್ತು.

ಶುರುವಾದದ್ದು ಒಂದು ಸಾವಿನಿಂದ. ಒಂದು ವರ್ಷದ ಹಿಂದೆ ಒಬ್ಬ ಆಟಗಾರನ ಪಾತ್ರ ನ್ಯಾಯವಾಗಿಯೇ ಸತ್ತಿತ್ತು. ಆತ ಮರುದಿನವೇ ತಂಡ ಬಿಟ್ಟು, "ದುಡ್ಡು ಕೊಟ್ಟು ಸಾಯಬೇಕಾ" ಎಂದು ಒಂದು ಸಾಲಿನ ವಿಮರ್ಶೆ ಬರೆದು ಹೋದ. ಆ ತಿಂಗಳ ಆದಾಯದಲ್ಲಿ ಒಂದು ಪಾಲು ಹೋಯಿತು. ಅಲ್ಲಿಂದಾಚೆಗೆ ಇವರ ಯಾವ ತಂಡದಲ್ಲೂ ಒಂದು ಪಾತ್ರವೂ ಸತ್ತಿಲ್ಲ.

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ದುಡಿತ ಹೆಚ್ಚಾಗಿ ದಣಿದಿದ್ದಾರೆ ಎಂದುಕೊಂಡು ಒಂದು ತಂಡ ಕಡಿಮೆ ಮಾಡಲು ಹೇಳಿದೆ. ಮಾಡಿದರು. ಮೂರು ವಾರದ ನಂತರ ಬಂದಾಗ ನಿದ್ದೆ ಹಾಗೇ ಕೆಟ್ಟಿತ್ತು, ಆದಾಯ ಕಡಿಮೆಯಾಗಿ ಚಿಂತೆ ಹೆಚ್ಚಾಗಿತ್ತು. ಗಂಟೆಗಳನ್ನು ಎಣಿಸುವ ನನ್ನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಬೇರೊಂದು ಲೆಕ್ಕ ಬರೆಯಲು ಕೊಟ್ಟೆ. ಎರಡು ವಾರ, ಗರ ಬದಲಿಸಿದಾಗಲೆಲ್ಲ ಮೂರೇ ಪದ: ಯಾರಿಗಾಗಿ, ಏನೆಂಬ ಭಯ. ಹನ್ನೊಂದು ಸಲ ಬದಲಿಸಿದ್ದರು. ಅದರಲ್ಲಿ ಏಳು ಒಬ್ಬಳೇ ಆಟಗಾರ್ತಿಗಾಗಿ. ಜೋರು ಮಾಡುವವಳಲ್ಲ, ತೀರಾ ಮೆದು ಹುಡುಗಿ. ಆಕೆ ರಾತ್ರಿ ಎರಡಕ್ಕೆ ಖಾಸಗಿ ಸಂದೇಶ ಕಳಿಸುತ್ತಿದ್ದಳು. ಮೊದಮೊದಲು ತನ್ನ ಪಾತ್ರದ ದನಿಯಲ್ಲಿ ಬರೆಯುತ್ತಿದ್ದವಳು ಬರಬರುತ್ತ ತನ್ನದೇ ದನಿಯಲ್ಲಿ ಬರೆಯತೊಡಗಿದ್ದಳು: ವಾರದಲ್ಲಿ ತನ್ನ ಜೊತೆ ನಗುವವರು ಈ ತಂಡದವರು ಮಾತ್ರ, ಪಾತ್ರ ಸತ್ತರೆ ತನಗೇನು ಉಳಿಯುತ್ತದೆ ಎಂದು. ಇವರು ಪ್ರತಿಯೊಂದಕ್ಕೂ ಉತ್ತರಿಸುತ್ತಿದ್ದರು. ನಿದ್ದೆ ಹೋಗುತ್ತಿದ್ದದ್ದು ಎಲ್ಲಿಗೆಂದು ಇಬ್ಬರಿಗೂ ಆಗ ಗೊತ್ತಾಯಿತು.

"ಆಕೆ ದುಡ್ಡು ಕೊಡ್ತಿರೋದು ಯಾವುದಕ್ಕೆ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ತಿರುಗಿ ಕೇಳಿದರು: "ನೀವೂ ದುಡ್ಡು ತಗೊಂಡೇ ಅಲ್ವಾ ಮೇಡಂ ನನ್ನ ಮಾತು ಕೇಳ್ತಿರೋದು? ನಿಮಗೆ ಹೀಗೆ ಆಗಲ್ವಾ?"

ಕೋಪದಲ್ಲಿ ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕಿತ್ತು. ಆಗುತ್ತದೆ ಎಂದೆ. ನಾನು ತೋರಿಸುವ ಕಾಳಜಿ ನಟನೆಯಲ್ಲ. ಆದರೆ ಅದಕ್ಕೊಂದು ಹೊತ್ತು, ಒಂದು ಕೋಣೆ, ಮೊದಲ ದಿನವೇ ಹೇಳಿದ ಒಂದು ಶುಲ್ಕ ಇದೆ. ನನ್ನ ಕೆಲಸವನ್ನು ನೋಡಿ ತಿದ್ದುವ ಹಿರಿಯರೊಬ್ಬರಿದ್ದಾರೆ. ಅದಿಲ್ಲದಿದ್ದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ಸಂಬಳಕ್ಕಾಗಿ ಭಾವನೆಯನ್ನು ಹದ ಮಾಡಿಕೊಳ್ಳುವ ದುಡಿಮೆಯ ಬಗ್ಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಬರೆದಾಗ ಮುಖ್ಯವಾಗಿ ವಿಮಾನದ ಪರಿಚಾರಿಕೆಯರನ್ನು ನೋಡಿದ್ದರು. ಪರಿಚಾರಿಕೆ ವಿಮಾನ ಇಳಿದು ಮನೆಗೆ ಹೋಗುತ್ತಾಳೆ. ಇವರ ಮೇಜು ಮನೆಯೊಳಗೇ ಇದೆ, ಬಾಗಿಲಿಲ್ಲ.

ಆ ದಿನದಿಂದ ಕೆಲಸ ಸರಾಗವಾಯಿತು. ಸಲಹೆಗಳು ತೀರಾ ಸಣ್ಣವು. ಹೊಸ ಕಥೆಗೆ ಮುನ್ನ ಎಲ್ಲರೂ ಕೂತು ಮಿತಿಗಳನ್ನು ಮಾತಾಡಿಕೊಳ್ಳುವ "ಸೆಷನ್ ಝೀರೋ" ಎಂಬ ರೂಢಿ ಈ ಆಟದಲ್ಲಿ ಮೊದಲೇ ಇದೆಯಂತೆ. ಅದನ್ನು ಹಳೆಯ ತಂಡಗಳ ಜೊತೆಯೂ ಮತ್ತೊಮ್ಮೆ ಮಾಡಿ ಎಂದೆ. ನನ್ನ ಪಾತ್ರ ಸಾಯಬಹುದು, ನನ್ನನ್ನು ಕೇಳಿ ಸಾಯಿಸಿ, ಸಾಯಲೇಬಾರದು: ಈ ಮೂರರಲ್ಲಿ ಒಂದನ್ನು ಪ್ರತಿಯೊಬ್ಬರೂ ಆರಿಸಲಿ. ಸಾವು ಬೇಡ ಎನ್ನುವವರಿಗೆ ಸಾವಿಲ್ಲದ ಆಟ ಕೊಡುವುದು ಮೋಸವಲ್ಲ, ಅದೂ ಒಂದು ಕರಾರು. ಆಮೇಲೆ ಒಂದೇ ಒಂದು ತಂಡದಲ್ಲಿ ದಾಳವನ್ನು ಎಲ್ಲರಿಗೂ ಕಾಣುವಂತೆ ಉರುಳಿಸಿ ನೋಡಿ. ಶುಲ್ಕ ಆಟಕ್ಕೆ ಮುಂಚೆಯೇ ತಾನಾಗಿ ಸಂದಾಯವಾಗಲಿ, ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಂಡರೆ ಏನೆಂಬುದು ಬರಹದಲ್ಲಿರಲಿ. ರಾಕ್ಷಸನಾಗಿದ್ದವರೇ ಆಟ ಮುಗಿದ ಮೇಲೆ ಬಾಕಿ ಕೇಳುವುದು ಯಾರಿಗೂ ಚೆಂದವಲ್ಲ.

ಎಕ್ಸ್ ಕಾರ್ಡ್ ಬಗ್ಗೆ ಅವರೇ ಹೇಳಿದ್ದರು. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಸರಳ ಉಪಾಯ: ಯಾವುದಾದರೂ ದೃಶ್ಯ ಕಸಿವಿಸಿ ತಂದರೆ ಕಾರ್ಡ್ ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. "ನೀವು ಎಷ್ಟು ಸಲ ಮುಟ್ಟಿದ್ದೀರಿ?" ಎಂದೆ. "ಅದು ಆಟಗಾರರಿಗೆ" ಎಂದರು. ಹೋಗಿ ಮೂಲ ಬರಹವನ್ನು ಮತ್ತೆ ಓದಿದರಂತೆ. ಸಾಮಾನ್ಯವಾಗಿ ಅದನ್ನು ಬಳಸುವವನು ತಾನೇ ಎಂದು ರೂಪಿಸಿದವರೇ ಅಲ್ಲಿ ತಮಾಷೆಯಾಗಿ ಹೇಳಿಕೊಂಡಿದ್ದಾರೆ.

ರಾತ್ರಿಯ ಸಂದೇಶಗಳದು ಸೂಕ್ಷ್ಮ. ಥಟ್ಟನೆ ನಿಲ್ಲಿಸಿದರೆ ಆಕೆಗೆ ಅದು ಇನ್ನೊಬ್ಬರು ಕೈಬಿಟ್ಟಂತೆ. ಇಬ್ಬರೂ ಕೂತು ಒಂದು ಉತ್ತರ ಬರೆದೆವು: "ನೀವು ಬರೆದದ್ದು ಓದಿದೆ. ಆಟದ ವಿಷಯ ನನ್ನ ಕೆಲಸದ ಹೊತ್ತಿನಲ್ಲಿ ಖಂಡಿತ ಮಾತಾಡೋಣ. ಉಳಿದದ್ದನ್ನು ಹೊರುವಷ್ಟು ತರಬೇತಿ ನನಗಿಲ್ಲ, ಅದಕ್ಕೆ ತಿಳಿದವರೊಬ್ಬರನ್ನು ಹುಡುಕಿಕೊಳ್ಳಿ. ನಮ್ಮ ಮೇಜಿನಲ್ಲಿ ನಿಮ್ಮ ಜಾಗ ಹಾಗೇ ಇದೆ." ಕೊನೆಯ ವಾಕ್ಯ ಅವರದು. ಸಾಯುವ ಮಾತು ಯಾರೇ ಆಡಿದರೂ ಪಾತ್ರದ ಮಾತಿರಬಹುದು ಎಂದು ತಳ್ಳಿಹಾಕದೆ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆಟಗಾರರು ಬೇರೆ ಬೇರೆ ದೇಶಗಳವರಾದ್ದರಿಂದ ಯಾರು ಎಲ್ಲಿದ್ದಾರೆ, ಅಲ್ಲಿನ ಸಹಾಯವಾಣಿ ಯಾವುದು ಎಂಬುದನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಲು ಹೇಳಿದೆ.

ಎರಡು ತಿಂಗಳಲ್ಲಿ ಇಬ್ಬರು ಆಟಗಾರರು ಬಿಟ್ಟುಹೋದರು. ಬಹಿರಂಗ ದಾಳದ ತಂಡದಲ್ಲಿ ಒಂದು ಪಾತ್ರ ಸತ್ತಿತು. ಮುಂದಿನ ವಾರದ ಮೂರೂವರೆ ಗಂಟೆಯೂ ಅದರ ಶವಸಂಸ್ಕಾರಕ್ಕೇ ಹೋಯಿತಂತೆ, ಸತ್ತವನೇ ಎಲ್ಲರಿಗಿಂತ ಹೆಚ್ಚು ಮಾತಾಡಿದನಂತೆ. ಆ ಆಟಗಾರ್ತಿ "ನನ್ನನ್ನು ಕೇಳಿ ಸಾಯಿಸಿ" ಎಂಬುದನ್ನು ಆರಿಸಿಕೊಂಡಿದ್ದಾಳೆ. ಸಂದೇಶ ಈಗಲೂ ಬರುತ್ತದೆ, ಕಡಿಮೆ. ಇವರು ಎರಡು ಗಂಟೆಗೆ ಎದ್ದು ಫೋನ್ ನೋಡುವುದು ಪೂರ್ತಿ ನಿಂತಿಲ್ಲ. ಅದರ ಮೇಲೆ ಇನ್ನೂ ಕೆಲಸ ನಡೆದಿದೆ.

ಕಳೆದ ವಾರ ಭೇಟಿಗೆ ಮೂರು ಗಂಟೆ ಮೊದಲು, ಬರಲಾಗುವುದಿಲ್ಲ ಎಂದು ತಿಳಿಸಿದರು. ಒಂದು ದಿನ ಮುಂಚೆ ಹೇಳದಿದ್ದರೆ ಪೂರ್ತಿ ಶುಲ್ಕ ಎಂಬುದು ನನ್ನ ನಿಯಮ. ಬಿಡೋಣ ಅನ್ನಿಸಿತು, ಅಷ್ಟು ಒಳ್ಳೆಯ ಮನುಷ್ಯ. ಬಿಡಲಿಲ್ಲ, ಬಿಲ್ಲು ಕಳಿಸಿದೆ. ಹಣ ಹಾಕಿ, ಕೆಳಗೆ ಬರೆದಿದ್ದರು: "ಕಳಿಸ್ತೀರೋ ಇಲ್ವೋ ಅಂತ ಕಾಯ್ತಾ ಇದ್ದೆ."