ಪ್ರತಿಕ್ರಿಯೆ: ಅಂಡರ್-13 ಫುಟ್‌ಬಾಲ್ ಲೀಗ್‌ಗೆ ಬಂದ ರೆಫರಿಗಳು ಯಾಕೆ ಉಳಿಯುತ್ತಿಲ್ಲ?

ಲೀಗ್ ನಡೆಸುವ ನೀವು ಕೇಳಿದ ಈ ಪ್ರಶ್ನೆಗೆ ನನ್ನ ಉತ್ತರ ಇದು. ರೆಫರಿಗಳಾಗಿ ಬರುವ ಕಾಲೇಜು ಹುಡುಗರು ಎರಡು ಮೂರು ಭಾನುವಾರ ಬಂದು ಕೈಬಿಡುವುದಕ್ಕೆ ದುಡ್ಡು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಆಡುವ ಮಕ್ಕಳ ಅಪ್ಪ ಅಮ್ಮಂದಿರು ಕೂಗಾಡುವಾಗ ರೆಫರಿ ಪರ ನಿಲ್ಲುವವರು ಯಾರೂ ಇಲ್ಲ, ಅದೇ ಕಾರಣ ಇರಬೇಕು. ಸಂಭಾವನೆ ಏರಿಸಿದರೂ ಬೈಗುಳ ಬೈಗುಳವೇ ಅಲ್ವಾ?

ಮೊದಲು ಜಾಗ ಸರಿ ಮಾಡಿ. ಟಚ್‌ಲೈನ್‌ನಿಂದ (ಮೈದಾನದ ಉದ್ದದ ಬದಿಯ ಗೆರೆ) ಮೂರು ಮೀಟರ್ ಹಿಂದೆ ಹಗ್ಗ ಕಟ್ಟಿ, ಪೋಷಕರು ಒಂದು ಬದಿ, ಕೋಚ್‌ಗಳು ಇನ್ನೊಂದು ಬದಿ. ಗೋಲಿನ ಹಿಂದೆ ಯಾರೂ ಬೇಡ. ಆಫ್‌ಸೈಡ್ ಕೊಟ್ಟ ಕೂಡಲೇ ಲೈನ್ ಮೇಲೆ ನಿಂತು ರೆಫರಿಯ ಕಿವಿಗೇ ಕೂಗುವ ಚಾಳಿ ಅಲ್ಲಿಗೇ ಅರ್ಧ ನಿಲ್ಲುತ್ತದೆ.

ಆಮೇಲೆ ಕೋಚ್‌ಗಳಿಗೆ ಬರೆದೇ ಕೊಡಿ: ತೀರ್ಪಿನ ಬಗ್ಗೆ ಕ್ಯಾಪ್ಟನ್ ಮಾತ್ರ ಕೇಳಬಹುದು. 2019ರಿಂದ ಆಟದ ನಿಯಮದಲ್ಲೇ ಕೋಚ್‌ಗೂ ಹಳದಿ (ಎಚ್ಚರಿಕೆ), ಕೆಂಪು (ಹೊರಗೆ ಕಳಿಸುವ) ಕಾರ್ಡ್ ಇದೆ, ಬೆಂಚ್‌ನಲ್ಲಿ ಬೈದದ್ದು ಯಾರು ಅಂತ ಗೊತ್ತಾಗದಿದ್ದರೆ ಅದು ಹಿರಿಯ ಕೋಚ್‌ಗೇ ಬೀಳುತ್ತದೆ. ಎಷ್ಟೋ ಕೋಚ್‌ಗಳಿಗೆ ಇದು ಗೊತ್ತೇ ಇಲ್ಲ!

ಪೋಷಕರಿಗೆ ಕಾರ್ಡ್ ತೋರಿಸಲು ಬರುವುದಿಲ್ಲ. ಅವರು ಮಿತಿ ಮೀರಿದರೆ ರೆಫರಿ ಆಟ ನಿಲ್ಲಿಸಿ, ಕೋಚ್‌ನ ಕರೆದು, "ಅವರನ್ನ ಹೊರಗೆ ಕಳಿಸಿ, ಆಮೇಲೆ ಶುರು ಮಾಡ್ತೀನಿ" ಅನ್ನಲಿ. ಹೋಗದಿದ್ದರೆ ಪಂದ್ಯ ನಿಲ್ಲಿಸಿಬಿಡಲಿ. ಪಾಯಿಂಟ್ಸ್ ಯಾರಿಗೆ ಅನ್ನುವುದನ್ನು ಸೀಸನ್‌ಗೆ ಮೊದಲೇ ತೀರ್ಮಾನಿಸಿಡಿ, ಇಲ್ಲದಿದ್ದರೆ ಅದೇ ಹೊಸ ಜಗಳ. ಇಂಥ ಬೈಗುಳ ತಡೆಯಲು ಇಂಗ್ಲೆಂಡ್‌ನಲ್ಲಿ 2023ರಲ್ಲಿ ಸ್ಥಳೀಯ ಲೀಗ್ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಪ್ರಯೋಗ ಶುರು ಮಾಡಿದರು, ನಿಮಗೆ ಸದ್ಯಕ್ಕೆ ಅಷ್ಟೆಲ್ಲ ಬೇಡ.

ಹೊಸಬರ ಪಂದ್ಯಕ್ಕೆ ಮೊದಲ ತಿಂಗಳು ನೀವೋ ಹಿರಿಯ ರೆಫರಿಯೋ ಹಗ್ಗದ ಪಕ್ಕ ನಿಲ್ಲಿ. ತಪ್ಪು ಕಂಡರೆ ಪಂದ್ಯ ಮುಗಿದ ಮೇಲೆ, ಒಬ್ಬರೇ ಇದ್ದಾಗ ಹೇಳಿ. ಬಿಟ್ಟು ಹೋದವರು ವಾಪಸ್ ಬರುತ್ತಾರೋ ಇಲ್ವೋ ಹೇಳಲಾಗದು, ಆದರೂ ಈ ನಿಯಮ ಜಾರಿ ಆದ ವಾರವೇ ಫೋನ್ ಮಾಡಿ ಕೇಳಿ.